ಹಿಟ್ನಾಳದ ಈಶಪ್ಪನ ಫೋಟೋ

ಗಂಗಾವತಿ
9 ನವೆಂಬರ್ 2024

ಅಸ್ಲಮ,

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ: ನಾನೊಬ್ಬ ಅಪರಾಧಿ. ನಮ್ಮ ಮಿಲನ್ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡ ಜಿಲ್ಲೆಯ ಸಮಸ್ತ ಜನರಿಗೂ ತಂದೆತಾಯಿ ಇಟ್ಟ ಹೆಸರನ್ನು ಕಿತ್ತುಹಾಕಿ, ಕಂಪ್ಯೂಟರಿನಲ್ಲಿ ನನಗೆ ತೋಚಿದ ಹೆಸರಿಟ್ಟು ಕಳಿಸಿದವನು ನಾನೇ. ಉಸಿರು ಬಿಗಿಹಿಡಿದು ಕೂತ ಯಲಬುರ್ಗಾದ ಮಾಸ್ತರರ ಫೈಲಿನ ಹೆಸರು ‘ಪಂಪ್‌ಸೆಟ್’. ಕಣ್ಣು ಮಿಟುಕಿಸುವುದನ್ನು ನಿಲ್ಲಿಸದ ಕುಷ್ಟಗಿಯ ಗುತ್ತಿಗೆದಾರರು ‘ಇಂಡಿಕೇಟರ್’. ಬಣ್ಣ ಬಳಿದುಕೊಂಡು ಬಂದ ಕಿನ್ನಾಳದ ಕಳಕಮ್ಮ ‘ಗೊಂಬೆವ್ವ’. ನಾಮಕರಣಕ್ಕೆ ತೊಟ್ಟಿಲೂ ಬೇಡ, ಪೇಡೆಯೂ ಬೇಡ, ಕೀಬೋರ್ಡು ಸಾಕು. ಇದಕ್ಕೆ ಯಾವ ಕಲಮಿನಲ್ಲಿ ಶಿಕ್ಷೆ ಇದೆಯೋ ವಕೀಲರನ್ನು ಕೇಳು. ಅವರ ಫೈಲಿನ ಹೆಸರು ‘ವಾಯಿದೆ’.

ನಿನ್ನ ಕಾರ್ಡು ಮುಟ್ಟಿತು. ಎರಡು ವರ್ಷದ ಮೇಲೆ ನಿನ್ನ ಅಕ್ಷರ ಕಂಡು, ಮನೆಯಲ್ಲಿ ಯಾರೋ ತೀರಿಕೊಂಡರೇನೋ ಎಂದು ಹೆದರಿದೆ. ಓದಿದ ಮೇಲೆ ತಿಳಿಯಿತು, ಸತ್ತಿರುವುದು ಕಂಪ್ಯೂಟರಿನ ಸರ್ಚ್.

ನಾನು ಅರ್ಥ ಮಾಡಿಕೊಂಡಿದ್ದು ಸರಿಯೋ ನೋಡು. ಹಿಟ್ನಾಳದ ದುರುಗವ್ವ ಎಂಬಾಕೆಯ ಮಗ ಈಶಪ್ಪ, ಹುಟ್ಟಾ ಮಾತು ಬಾರದವನು. ಆಗಸ್ಟಿನಲ್ಲಿ ಊರವರ ಜೊತೆ ಗೋವಾ ಕಡೆ ರಸ್ತೆ ಕೆಲಸಕ್ಕೆ ಹೊರಟವನು ಯಾವುದೋ ಸ್ಟೇಷನ್ನಿನಲ್ಲಿ ನೀರು ತುಂಬಲು ಇಳಿದ, ರೈಲು ಬಿಟ್ಟಿತು. ಕಲ್ಲು ಹೊತ್ತು ಬೆರಳು ಸವೆದು ಅಚ್ಚು ಮೂಡದ್ದರಿಂದ ಅವನಿಗೆ ಆಧಾರ್ ಆಗಲೇ ಇಲ್ಲ. ಊರು ಹೇಳಲು ಬಾಯಿಲ್ಲ, ಬರೆಯಲು ಅಕ್ಷರವಿಲ್ಲ. ಪೊಲೀಸರು ಫೋಟೋ ತಾ ಎನ್ನುತ್ತಾರೆ. ಇರುವುದು ಒಂದೇ ಫೋಟೋ: ಹಿಂದೆ ಕಾರ್ಖಾನೆಯ ಗೇಟ್ ಪಾಸಿಗೆಂದು ನಮ್ಮಲ್ಲಿ ತೆಗೆಸಿದ್ದು. ಯಾವ ವರ್ಷ ಎಂದು ಆಕೆಗೆ ನೆನಪಿಲ್ಲ. ನಮ್ಮಲ್ಲೋ ದಿನಕ್ಕೊಂದು ಫೋಲ್ಡರು.

ಹುಡುಗ ನನಗೆ ನೆನಪಿದ್ದಾನೆ. ಅವನಿಗೇನು ಹೆಸರಿಟ್ಟಿದ್ದೆ ಎಂಬುದೂ ನೆನಪಿದೆ. ಮೊದಲು ಸರ್ಚ್ ಸರಿಯಾಗಲಿ, ಹೆಸರು ಆಮೇಲೆ.

ನೋಡು, ಇದು ಫೋನಿನಲ್ಲಿ ಹತ್ತು ನಿಮಿಷದ ಕೆಲಸ. ಆದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ಬ್ಲಾಕಿನಲ್ಲಿ ಮಾರಿದರೂ ಯಾರೂ ಕೊಳ್ಳದ ನಂಬರು ಅದು, ಆದರೂ ಮಾನವಿದೆ. ನೀನಾಗಿ ಬಿಡಿಸುವವರೆಗೆ ನಾನೂ ಅಂಚೆಯಲ್ಲೇ ಬರುತ್ತೇನೆ. ಗಂಗಾವತಿಯ ಈ ರೈಸ್‌ಮಿಲ್ಲಿನ ಕುರ್ಚಿಯಿಂದ ಅಲುಗಾಡದೆ, ಕೊಪ್ಪಳದ ಮಣ್ಣು ತುಳಿಯದೆ, ನಿನ್ನ ಕಂಪ್ಯೂಟರನ್ನು ರಿಪೇರಿ ಮಾಡದಿದ್ದರೆ ನನ್ನ ಹೆಸರು ತಿರುಮಲೇಶನಲ್ಲ.

ಮೊದಲ ಪಾಠ. ಸರ್ಚ್ ಪೆಟ್ಟಿಗೆಯಲ್ಲಿ ಅಕ್ಷರವೇ ಬೀಳುತ್ತಿಲ್ಲ ಎಂದೆಯಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹಿಡಿದು ರೀಸ್ಟಾರ್ಟ್ ಕೊಡು. ಆಮೇಲೆ ಏನಾಯಿತು ಬರಿ.

ಬ್ಲಾಕಾದರೂ ಬಿಳಿ ಮನಸ್ಸಿನವನು,
ತಿರುಮಲೇಶ


ಕೊಪ್ಪಳ
16 ನವೆಂಬರ್ 2024

ತಿರುಮಲೇಶ,

ನಿನ್ನ ಅಪರಾಧ ನನಗೆ ಹಿಂದೆಯೇ ಗೊತ್ತಿತ್ತು. ನನ್ನ ಮಾವನವರ ಫೋಟೋ ‘ಬದನೆಕಾಯಿ’ ಎಂಬ ಹೆಸರಿನಲ್ಲಿ ಸಿಕ್ಕ ದಿನವೇ.

ನೀನು ಹೇಳಿದಂತೆ ಮಾಡಿದೆ. ಪೆಟ್ಟಿಗೆಯಲ್ಲಿ ಈಗ ಅಕ್ಷರ ಬೀಳುತ್ತದೆ. ಆದರೆ ಏನು ಬರೆದರೂ ಚುಕ್ಕೆಗಳು ಸುತ್ತುತ್ತವೆ, ಏನೂ ಸಿಗುವುದಿಲ್ಲ. ಇಲ್ಲಿಯ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದ್ದೆ. “ಫಾರ್ಮ್ಯಾಟ್ ಹೊಡದ್ ಬಿಡೂಣ್ರಿ, ಹೊಸದಾಗ್ತೈತಿ” ಎಂದ. ಹೊಸದಾದರೆ ಹಳೆಯ ಹುಡುಗ ಎಲ್ಲಿ ಉಳಿಯುತ್ತಾನೆ? ಅವನನ್ನು ಕಳಿಸಿಬಿಟ್ಟೆ.

ದುರುಗವ್ವ ದಿನಾ ಬರುತ್ತಾಳೆ. ಒಳಗೆ ಕೂರು ಎಂದರೆ ಕೂರುವುದಿಲ್ಲ, ಮೆಟ್ಟಿಲ ಮೇಲೆಯೇ. ನಿನ್ನೆ ಪೊಲೀಸ್ ಸ್ಟೇಷನ್ನಿಗೆ ಜೊತೆಗೆ ಹೋಗಿದ್ದೆ. ಅಲ್ಲಿಯವರು, “ಅಲ್ಲಬೇ, ಮಾರಿ ಹೆಂಗೈತಿ ಅಂತ ಗೊತ್ತಿಲ್ಲದ ಮನಷ್ಯಾನ್ನ ಎಲ್ಲಿ ಅಂತ ಹುಡಕೂಣು?” ಎಂದರು. ಆಕೆ, “ನನ್ನ ಮಾರೀನ ನೋಡ್ರಿ ಸಾಹೇಬ್ರ, ಥೇಟ್ ಹಿಂಗ ಅದಾನ. ಮೀಸಿ ಒಂದ ಹಚ್ಚಿಕೊಳ್ರಿ” ಎಂದಳು. ಅವರು ನಕ್ಕರು. ನಾನು ನೆಲ ನೋಡಿದೆ.

ಫೋನಿನ ಮಾತು ತೆಗೆಯಬೇಡ. ಎರಡು ವರ್ಷದ ಹಿಂದೆ ಅಂಗಡಿ ಸುಟ್ಟು, ಈ ಕಂಪ್ಯೂಟರ್ ಒಂದೇ ಉಳಿದ ದಿನ ಆಡಿದ ಮಾತು ನಾನು ಮರೆತಿಲ್ಲ, ನೀನೂ ಮರೆತಿರಲಾರೆ. ಮೇನ್ ಸ್ವಿಚ್ ಆರಿಸದೆ ಹೋದವನು ನೀನು ಎಂದು ಆವತ್ತೂ ಹೇಳಿದೆ, ಈವತ್ತೂ ಹೇಳುತ್ತೇನೆ.

ಉಳಿದ ಪಾಠಗಳನ್ನೆಲ್ಲ ಒಂದೇ ಸಲಕ್ಕೆ ಬರಿ. ಫೈಲಿನ ಹೆಸರನ್ನೂ ಬರಿ. ಸರ್ಚ್ ಆಗದಿದ್ದರೆ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ಕಣ್ಣಿನಲ್ಲೇ ಹುಡುಕುತ್ತೇನೆ.

ಅಸ್ಲಮ


ಗಂಗಾವತಿ
23 ನವೆಂಬರ್ 2024

ಅಸ್ಲಮ ಸಾಹೇಬರ ಸನ್ನಿಧಿಗೆ,

ಎಲ್ಲ ಪಾಠ ಒಂದೇ ಸಲಕ್ಕೆ ಹೇಳಿದರೆ ಅದು ಪಾಠವಲ್ಲ, ಗೈಡು. ನಾನು ಬಿ.ಎ. ಓದಿದ್ದು ಗೈಡು ಓದಿಯೇ ಆದರೂ, ಶಿಷ್ಯನಿಗೆ ಆ ಗತಿ ಬೇಡ.

ಎರಡನೆಯ ಪಾಠ. ವಿಂಡೋಸ್ ಎಂದರೆ ಕಿಟಕಿ. ಕಿಟಕಿ ತೆರೆದರೂ ಒಳಗೆ ಆಳು ಎದ್ದಿರದಿದ್ದರೆ ಕೂಗಿಗೆ ಓಗೊಡುವವರು ಯಾರು? ಆ ಆಳಿನ ಹೆಸರು ‘ವಿಂಡೋಸ್ ಸರ್ಚ್’ ಎಂಬ ಸರ್ವಿಸ್. ವಿಂಡೋಸ್ ಗುರುತಿನ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ‘ಸರ್ವಿಸಸ್ ಡಾಟ್ ಎಂಎಸ್‌ಸಿ’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಹೊಡಿ. ಉದ್ದನೆಯ ಪಟ್ಟಿಯಲ್ಲಿ, ಕೆಳಗೆ, ಅವನು ಮಲಗಿರುತ್ತಾನೆ. ಎರಡು ಸಲ ತಟ್ಟು. ಆಟೋಮ್ಯಾಟಿಕ್ ಎಂದು ಮಾಡಿ ಸ್ಟಾರ್ಟ್ ಕೊಡು. ಸರಕಾರಿ ನೌಕರನಲ್ಲ, ಏಳುತ್ತಾನೆ.

ಹೆಸರು ಆಮೇಲೆ ಎಂದೆನಲ್ಲ. ಅಷ್ಟು ಸಾವಿರ ಫೋಲ್ಡರು ಕಣ್ಣಿನಲ್ಲಿ ಹುಡುಕಿದರೆ ನಿನ್ನ ಕನ್ನಡಕದ ನಂಬರೂ ಬ್ಲಾಕ್ ಆದೀತು.

ಮೇನ್ ಸ್ವಿಚ್ಚಿನ ವಿಷಯಕ್ಕೆ ಉತ್ತರ ಬರೆದಿದ್ದೆ, ಹರಿದು ಹಾಕಿದೆ. ಆವತ್ತು ಬೀಗ ಹಾಕಿದ್ದು ಯಾರು ಎಂಬುದನ್ನು ಮಾತ್ರ ನೆನಪು ಮಾಡಿಕೋ.

ಸೇವೆಯಲ್ಲಿ, ಸರ್ವಿಸಿನಲ್ಲಿ,
ತಿರುಮಲೇಶ


ಕೊಪ್ಪಳ
30 ನವೆಂಬರ್ 2024

ತಿರುಮಲೇಶ,

ಆಳು ಎದ್ದ. ಸಿ ಡ್ರೈವಿನಲ್ಲಿ ಇರುವುದೆಲ್ಲ ಸಿಗುತ್ತದೆ. ನಮ್ಮ ಫೋಟೋಗಳು ಇರುವುದು ಡಿ ಡ್ರೈವಿನಲ್ಲಿ. ‘ಪಂಪ್‌ಸೆಟ್’ ಎಂದು ಬರೆದು ನೋಡಿದೆ, ಬರಲಿಲ್ಲ. ‘ಬದನೆಕಾಯಿ’ಯೂ ಬರಲಿಲ್ಲ.

ಇಲ್ಲಿ ಚಳಿ ಬಿದ್ದಿದೆ. ದುರುಗವ್ವ ಈವತ್ತು ಒಂದು ಸ್ವೆಟರ್ ತಂದಿದ್ದಳು. “ಇದನ್ನ ಹಾಕ್ಕೊಂಡ ಹೋಗು ಅಂದಿದ್ದೆ ಸಾಹೇಬ, ಸೆಕಿ ಅಂತ ಸನ್ನಿ ಮಾಡಿ ಒಗದ್ ಹೋದ. ಈಗ ಎಲ್ಲಿ ಮಲಗ್ತಾನೋ” ಎಂದಳು. ಆಮೇಲೆ ಕಂಪ್ಯೂಟರ್ ನೋಡಿ ಕೇಳಿದಳು: “ಇದು ನಿಮ್ಮ ಮಾತು ಯಾಕ ಕೇಳವಲ್ದು?” ನಾನು, “ಇದನ್ನ ಸಾಕಿದವ ಬ್ಯಾರೆ ಊರಾಗ ಅದಾನ ಯವ್ವಾ” ಎಂದೆ. “ಹಂಗಾರ ಅಂವನ್ನ ಕರೀರಲ್ಲ” ಎಂದಳು.

ಬೇಗ ಬರಿ.

ಅಸ್ಲಮ


ಗಂಗಾವತಿ
8 ಡಿಸೆಂಬರ್ 2024

ಅಸ್ಲಮ,

ಮಿಲ್ಲಿನಲ್ಲಿ ಹೊಸ ಭತ್ತ ಬಂದು ಬಿಲ್ಲು ಹೊಡೆದು ಹೊಡೆದು ಬೆರಳು ಬಿಲ್ಲಿನಂತೆ ಬಾಗಿದೆ. ಅದಕ್ಕೆ ತಡ.

ಮೂರನೆಯ ಪಾಠ. ಹುಡುಕುವ ಆಳು ಪ್ರತಿಸಲವೂ ಮನೆಯೆಲ್ಲ ಜಾಲಾಡುವುದಿಲ್ಲ. ಯಾವ ವಸ್ತು ಎಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಾನೆ. ಅದಕ್ಕೆ ಇಂಡೆಕ್ಸ್ ಎನ್ನುತ್ತಾರೆ, ಪಂಡಿತರಿಗೆ ಸೂಚಿ. ಸೂಚಿ ಕೆಟ್ಟರೆ ಸೂಜಿ ಸಿಗದು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆ. ಮಾಡಿಫೈ ಒತ್ತಿ ಡಿ ಡ್ರೈವಿಗೆ ಟಿಕ್ ಹಾಕು. ಆಮೇಲೆ ಅಡ್ವಾನ್ಸ್ಡ್, ಅದರೊಳಗೆ ರೀಬಿಲ್ಡ್. ಹಳೆಯ ಸೂಚಿ ಅಳಿಸಿ ಹೊಸದು ಬರೆಯಲು ಕೂರುತ್ತದೆ. ಬರೆದದ್ದರ ಲೆಕ್ಕ ಮೇಲೆ ಓಡುತ್ತಿರುತ್ತದೆ. ‘ಇಂಡೆಕ್ಸಿಂಗ್ ಕಂಪ್ಲೀಟ್’ ಎಂದು ಬಂದಾಗ ನನಗೆ ಬರಿ, ಹೆಸರು ಕಳಿಸುತ್ತೇನೆ.

ಆಕೆ ಹೇಳಿದ್ದು ಓದಿದೆ. ಕರೆಯುವವರು ಕರೆದರೆ ಬಾರದಿರುವಷ್ಟು ದೊಡ್ಡ ಮನುಷ್ಯ ನಾನಲ್ಲ. ಕರೆದರೆ.

ಸೂಚ್ಯವಾಗಿ,
ತಿರುಮಲೇಶ


ಕೊಪ್ಪಳ
19 ಡಿಸೆಂಬರ್ 2024

ತಿರುಮಲೇಶ,

ರೀಬಿಲ್ಡ್ ಕೊಟ್ಟು ವಾರವಾಯಿತು. ಲೆಕ್ಕ ಆಮೆಯಂತೆ ತೆವಳುತ್ತದೆ. ನಾನು ಇಡೀ ದಿನ ಕಂಪ್ಯೂಟರಿನ ಮುಂದೆಯೇ ಇರುತ್ತೇನೆ, ಫೋಟೋ ಕೆಲಸ ನಡೆದೇ ಇರುತ್ತದೆ. ನಮಾಜಿಗೆ, ಊಟಕ್ಕೆ, ರಾತ್ರಿ ಮನೆಗೆ ಹೋಗುವಾಗ ಮಾತ್ರ ಆರಿಸುತ್ತೇನೆ. ಅಂಗಡಿ ಸುಟ್ಟಂದಿನಿಂದ ಎದ್ದು ಹೊರಗೆ ಕಾಲಿಟ್ಟರೆ ಮೇನ್ ಎಳೆಯದೆ ಹೋಗಿಲ್ಲ. ಚಹಾಕ್ಕೆ ಹೋದರೂ ಎಳೆಯುತ್ತೇನೆ. ಮತ್ತೇನು ಮಾಡಬೇಕು?

ಈ ಸಲವಾದರೂ ಹೆಸರು ಬರಿ, ಮಾರಾಯ. ದುರುಗವ್ವನಿಗೆ ಕೆಮ್ಮು ಹತ್ತಿದೆ, ಆದರೂ ಬರುವುದು ಬಿಟ್ಟಿಲ್ಲ.

ಅಸ್ಲಮ


ಗಂಗಾವತಿ
27 ಡಿಸೆಂಬರ್ 2024

ಅಸ್ಲಮ,

ತಪ್ಪು ಸಿಕ್ಕಿತು. ಆ ಆಳು ನಾಚಿಕೆಯವನು. ಯಜಮಾನ ಕೆಲಸ ಮಾಡುವಾಗ ಅಡ್ಡ ಬರಬಾರದೆಂದು ಕೈ ಕಟ್ಟಿ ನಿಲ್ಲುತ್ತಾನೆ, ಯಜಮಾನ ಎದ್ದು ಹೋದ ಮೇಲೆ ಓಡಿ ಓಡಿ ಮಾಡುತ್ತಾನೆ. ನೀನು ಎದ್ದು ಹೋಗುವಾಗಲೆಲ್ಲ ಅವನ ದೀಪವನ್ನೇ ಆರಿಸಿ ಹೋಗುತ್ತೀ. ಹೀಗಾದರೆ ಅವನು ಬರೆಯುವುದು ಯಾವಾಗ?

ಒಂದು ಭಾನುವಾರ ಅಂಗಡಿ ಮುಚ್ಚಿ, ಕಂಪ್ಯೂಟರ್ ಹಚ್ಚಿ, ಮುಟ್ಟದೆ ಬಿಡು. ಮೇನ್ ಎಳೆಯಬೇಡ. ಹೆದರಿಕೆಯಾದರೆ ಪಕ್ಕದಲ್ಲಿ ಕೂರು. ಮೌಸ್ ಕೂಡ ಅಲುಗಾಡಿಸಬೇಡ.

ಹೆಸರು ಕೇಳಿದ್ದೀ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದು ಹೆಸರು ಓದಿದರೆ ತಿಳಿಯುತ್ತದೆ. ಆ ಹುಡುಗ ಸ್ಟೂಲಿನ ಮೇಲೆ ಕೂತು, ಗದ್ದ ಮೇಲೆತ್ತು ಎಂದರೆ ಎರಡೂ ಕೈ ಎತ್ತಿ ಏನೇನೋ ಸನ್ನೆ ಮಾಡುತ್ತಿದ್ದ. ಅಂಗಡಿಯಲ್ಲಿ ಮೂರ್ನಾಲ್ಕು ಜನರಿದ್ದರು. ಅವರನ್ನು ನಗಿಸಬೇಕಿತ್ತು ನನಗೆ. “ಸಾಹೇಬ್ರ ಭಾಷಣ ಮುಗೀಲಿ, ಆಮ್ಯಾಲೆ ತಗೀತೀನಿ” ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಫೈಲಿನ ಹೆಸರು ‘ಭಾಷಣ’.

ತಾಯಿಯ ಎದುರಿಗೆ ಬರೆಯುವಾಗ ಆ ಹೆಸರನ್ನು ಗಟ್ಟಿಯಾಗಿ ಓದಬೇಡ.

ತಿರುಮಲೇಶ


ಕೊಪ್ಪಳ
6 ಜನವರಿ 2025

ತಿರುಮಲೇಶ,

ಫೋಟೋ ಸಿಕ್ಕಿತು.

ನಿನ್ನೆ ಭಾನುವಾರ ಶೆಟರ್ ಅರ್ಧ ಎಳೆದು, ಕಂಪ್ಯೂಟರ್ ಹಚ್ಚಿ, ಬೆಳಿಗ್ಗೆಯಿಂದ ಕೂತೆವು. ನಾನು ಕುರ್ಚಿಯಲ್ಲಿ, ಆಕೆ ಮೊದಲ ಸಲ ಒಳಗೆ, ನೆಲದ ಮೇಲೆ. ಮೇನ್ ಸ್ವಿಚ್ಚಿನ ಕಡೆ ನನ್ನ ಕೈ ಎಷ್ಟು ಸಲ ಹೋಯಿತೋ. ಅಂಕಿ ಓಡುತ್ತಿತ್ತು.

“ಏನ್ ಮಾಡಾಕತ್ತೈತಿ ಸಾಹೇಬ?”

“ಓದಾಕತ್ತೈತಿ ಯವ್ವಾ. ಈ ಅಂಗಡಿಗೆ ಬಂದೋರ ಹೆಸರೆಲ್ಲಾ ಓದಾಕತ್ತೈತಿ.”

“ಹಂಗಾರ ಸದ್ದ ಮಾಡಬಾರ್ದು” ಎಂದು ಬಾಯಿಗೆ ಸೆರಗು ಹಿಡಿದು ಕೆಮ್ಮಿದಳು. ಇಡೀ ದಿನ ಹಾಗೆಯೇ ಕೆಮ್ಮಿದಳು.

ಸಂಜೆಗೆ ಮುಗಿಯಿತು. ಆ ಹೆಸರು ಬರೆದ ಕೂಡಲೇ ಬಂತು. ಅದಕ್ಕೂ ನಾವು ಕಂಪ್ಯೂಟರಿನಲ್ಲೇ ಎಲ್ಲರಿಗೂ ಹಾಕುವ ನೀಲಿ ಕೋಟು ಹಾಕಿದ್ದೀವಿ, ಟೈ ಕಟ್ಟಿದ್ದೀವಿ, ಮುಖ ಬಿಳಿ ಮಾಡಿದ್ದೀವಿ. ದುರುಗವ್ವ ಬಹಳ ಹೊತ್ತು ನೋಡಿ, “ಇಂವ ಯಾವೂರ ಸಾಹೇಬ್ರಿ?” ಎಂದಳು. ಹತ್ತಿರ ಬಂದು ಪರದೆಯ ಮೇಲಿನ ಅವನ ಕಿವಿ ಮುಟ್ಟಿದಳು. “ಯಪ್ಪಾ ಈಶ್ಯಾ” ಎಂದಳು. ಆಮೇಲೆ, “ಆ ಕೋಟ ತಗೀರಿ. ಅದರಾಗ ಅಂವಗ ಉಸಿರ ಕಟ್ತೈತಿ” ಎಂದಳು.

ಕೋಟಿನ ಕೆಳಗೆ ಅಂಗಿ ಉಳಿದಿಲ್ಲ, ತಿರುಮಲ. ಮೂಲ ಫೋಟೋ ಮೇಲೆಯೇ ಸೇವ್ ಮಾಡುವುದು ನಮ್ಮ ರೂಢಿಯಲ್ಲವೆ? ಮುಖದ ಬಣ್ಣ ಮಾತ್ರ ಕೈಲಾದಷ್ಟು ಕಪ್ಪು ಮಾಡಿದೆ. ಸ್ಟೇಷನ್ನಿಗೆ ಕೊಟ್ಟೆ. ನನಗೆ ಗೊತ್ತಿರುವ ಫೋಟೋಗ್ರಾಫರ್ ಗುಂಪುಗಳಿಗೆಲ್ಲ ಹಾಕಿದ್ದೇನೆ, ಊರೂರಿನ ನಿರಾಶ್ರಿತರ ಆಶ್ರಮಗಳಿಗೂ.

ದುರುಗವ್ವ ನಿನ್ನನ್ನು ಕೇಳಿದಳು. “ಗಂಗಾವತ್ಯಾಗ ಕುಂತ ನನ್ನ ಮಗನ್ನ ತೋರಿಸಿದ್ರಲ್ಲ, ಅಂಥಾ ಶಾಣ್ಯಾರು ಇರ್ತಾರೇನ್ರಿ!” ಎಂದು ಕೈ ಮುಗಿದಳು. ಯಾವ ದಿಕ್ಕಿಗೆ ಮುಗಿಯಬೇಕು ಎಂದೂ ಕೇಳಿದಳು. ನಿಮ್ಮೂರಿಗೆ ಹೋಗುವ ಹೊಸಪೇಟೆ ರಸ್ತೆಯ ಕಡೆ ತೋರಿಸಿದೆ.

ಅಸ್ಲಮ


ಗಂಗಾವತಿ
11 ಜನವರಿ 2025

ದೋಸ್ತ,

ನಾನು ಹೇಳಿರಲಿಲ್ಲವೆ? ಕುರ್ಚಿಯಿಂದ ಅಲುಗಾಡದೆ! ಇಡೀ ಮಿಲ್ಲಿಗೆ ಪೇಡೆ ಹಂಚಿದ್ದೇನೆ. ಮಾಲಕರಿಗೆ ಹೇಳಿದೆ: ಸಾಹೇಬರೆ, ನಿಮ್ಮ ಗುಮಾಸ್ತ ಬರಿಯ ಗುಮಾಸ್ತನಲ್ಲ, ಅಂಚೆಯ ಮೂಲಕ ಶಸ್ತ್ರಚಿಕಿತ್ಸೆ ಮಾಡುವ ವೈದ್ಯ. ಹುಡುಗ ಮನೆಗೆ ಬಂದ ದಿನ ತಿಳಿಸು. ಅವನಿಗೆ ಮತ್ತೊಂದು ಫೋಟೋ ತೆಗಿ, ಕೋಟಿಲ್ಲದೆ. ಅದಕ್ಕೆ ಅವನ ಹೆಸರನ್ನೇ ಇಡು.

ಸರ್ಚ್ ವೈದ್ಯ,
ತಿರುಮಲೇಶ


ಕೊಪ್ಪಳ
4 ಫೆಬ್ರುವರಿ 2025

ತಿರುಮಲೇಶ,

ಘಟ್ಟದ ಕೆಳಗಿನ ಒಂದು ಆಶ್ರಮದಿಂದ ಫೋನ್ ಬಂತು. ಫೋಟೋದಲ್ಲಿ ಇರುವವನು ಸೆಪ್ಟೆಂಬರಿನಿಂದ ತಮ್ಮಲ್ಲಿ ಇದ್ದ ಎಂದರು. ‘ಇದ್ದ’ ಎಂದದ್ದು ನಾನು ಮೊದಲು ಗಮನಿಸಲಿಲ್ಲ. ದುರುಗವ್ವನನ್ನು ಕರೆದುಕೊಂಡು ಹೋದೆ. ಸ್ವೆಟರ್ ತೆಗೆದುಕೊಂಡಿದ್ದಳು.

ಶ್ವಾಸಕೋಶದಲ್ಲಿ ಕಫ ಕಟ್ಟಿ ಡಿಸೆಂಬರ್ ಇಪ್ಪತ್ತೆರಡಕ್ಕೆ ತೀರಿಕೊಂಡನಂತೆ. ಅವರೇ ಮಣ್ಣು ಮಾಡಿದ್ದಾರೆ. ಬೆರಳಚ್ಚು ತೆಗೆಯಲು ನೋಡಿದ್ದರಂತೆ, ಮೂಡಲಿಲ್ಲವಂತೆ. ರಾಜು ಎಂದು ಕರೆಯುತ್ತಿದ್ದರು. ಅಡುಗೆಯವರು ಹೇಳಿದರು, ದಿನಾ ಸಂಜೆ ಗೇಟಿನ ಹತ್ತಿರ ನಿಂತು, ತಲೆಯ ಮೇಲೆ ಹೊರೆ ಹೊತ್ತವರ ಹಾಗೆ ಕೈ ಹಿಡಿದು ತೋರಿಸುತ್ತಿದ್ದನಂತೆ. ಹೊರೆ ಹೊರುವ ಕೆಲಸ ಬೇಕೇನೋ ಎಂದು ಅವರು ತಿಳಿದಿದ್ದರು. ದುರುಗವ್ವ ಅಂದಳು: “ಅದು ನಾನ್ರಿ. ಅಂವ ನನ್ನ ಕರಿಯೂದು ಹಂಗ.”

ನೀನು ಸೂಚಿ, ಸೂಜಿ ಎಂದು ಬರೆದ ಪತ್ರ ನನ್ನ ಕೈಗೆ ಬಂದಾಗ ಅವನು ಗೇಟಿನಲ್ಲಿ ನಿಂತಿದ್ದ. ನಿನ್ನ ಮುಂದಿನ ಪತ್ರ ಬರುವಷ್ಟರಲ್ಲಿ ಮಣ್ಣಾಗಿದ್ದ. ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ಬ್ಲಾಕ್ ಮಾಡಿದವನು ನಾನು. ಒಂದು ಬೆರಳು ಒತ್ತಿದ್ದರೆ ಸಾಕಿತ್ತು, ಒತ್ತಲಿಲ್ಲ. ಈಗ ಬಿಡಿಸಿದ್ದೇನೆ. ಆದರೆ ಫೋನ್ ಮಾಡಬೇಡ. ಎತ್ತಿಕೊಂಡು ಏನು ಮಾತಾಡಬೇಕೋ ನನಗೆ ತಿಳಿಯುವುದಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಆಕೆ ಹೇಳಿದ ಒಂದು ಮಾತು ಮುಟ್ಟಿಸಬೇಕು. “ಗಂಗಾವತಿ ಸಾಹೇಬ್ರಿಗೆ ಹೇಳ್ರಿ, ಅವರು ಅಷ್ಟ ದೂರದಿಂದ ತಮ್ಮ ಕೈಲಾದದ್ದು ಮಾಡಿದ್ರು.”

ಅಸ್ಲಮ


ಗಂಗಾವತಿ
10 ಫೆಬ್ರುವರಿ 2025

ಅಸ್ಲಮ,

ಫೋನ್ ಮಾಡುವುದಿಲ್ಲ. ಇದನ್ನು ಬಾಯಿಂದ ಹೇಳಲು ನನ್ನಿಂದಲೂ ಆಗದು.

ನಾನು ಅಷ್ಟು ದೂರದಲ್ಲಿರಲಿಲ್ಲ. ನಿನ್ನ ಕಾರ್ಡು ಬಂದ ಮರುದಿನ, ನಿನಗೆ ಮೊದಲ ಪತ್ರ ಬರೆಯುವ ಮುನ್ನ, ಮಿಲ್ಲಿಗೆ ರಜೆ ಹಾಕಿ ಕೊಪ್ಪಳಕ್ಕೆ ಬಂದಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ನೀನು ನನ್ನನ್ನು ಕಂಡು ಏನನ್ನಬಹುದು, ಅದಕ್ಕೆ ನಾನು ಏನು ಚಟಾಕಿ ಹಾರಿಸಬೇಕು ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ.

ಅಂಗಡಿಯ ಎದುರು, ರಸ್ತೆಯ ಈಚೆ ನಿಂತೆ. ಗಾಜಿನೊಳಗೆ ನೀನು ಒಂದೇ ಬೆರಳಿನಿಂದ ಕೀಬೋರ್ಡು ಕುಟ್ಟುತ್ತಿದ್ದೆ. ಏನಾಗಿದೆ ಎಂದು ನನಗೆ ಅಲ್ಲಿಂದಲೇ ಗೊತ್ತಿತ್ತು. ಒಳಗೆ ಬಂದಿದ್ದರೆ ಆ ದಿನವೇ ಎಲ್ಲ ಸರಿಮಾಡಿ, ಪಕ್ಕದಲ್ಲಿ ಕೂತು ಕಾಯ್ದು, ಫೋಟೋ ತೆಗೆದುಕೊಟ್ಟು ಹೋಗುತ್ತಿದ್ದೆ. ನೀನು ತಲೆಯೆತ್ತಿ ನೋಡಿ ಬಾ ಎನ್ನಲಿ ಎಂದು ಕಾಯ್ದೆ. ನೀನು ತಲೆಯೆತ್ತಲಿಲ್ಲ. ಕರೆಯದೆ ಹೋಗುವುದು ಹೇಗೆ ಎಂದು ನಿಂತೆ. ಹುಡುಗ ಬದುಕಿದ್ದ ಆಗ.

ಮೆಟ್ಟಿಲ ಮೇಲೆ ಒಬ್ಬಾಕೆ ಕೂತಿದ್ದಳು. ನಾನು ಯಾರೋ ಗಿರಾಕಿ ಎಂದುಕೊಂಡು, “ಬರ್ರಿ ಯಪ್ಪಾ, ಅಂಗಡಿ ತಗದೈತಿ, ಸಾಹೇಬ್ರು ಒಳಗ ಅದಾರ” ಎಂದು ಕೂಗಿದಳು. ನಾನು ಬಾಯಿ ತೆರೆಯಲಿಲ್ಲ, ನೀನು ದನಿ ಗುರುತು ಹಿಡಿದೀಯೆಂದು. ಒಲ್ಲೆ ಎಂದು ಕೈಯಾಡಿಸಿದೆ ಅಷ್ಟೆ. ನನಗೂ ಮಾತು ಬರುವುದಿಲ್ಲ ಎಂದುಕೊಂಡಳೇನೋ. ಎದ್ದು ನಿಂತು, ಮುಖವೆಲ್ಲ ನಗೆ ಮಾಡಿಕೊಂಡು, ಮಾತು ಬಿಟ್ಟು ಎರಡೂ ಕೈಯಿಂದ ಬಾ ಬಾ ಎಂದು ಸನ್ನೆ ಮಾಡಿ ಕರೆದಳು.

ನಾನು ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ನಡೆದೆ.

ತಿರುಮಲೇಶ